‘ಅಪಾಯ’ ಶಬ್ದದ ಲಕ್ಷಣವಿಚಾರ

2001ನೆಯ ಇಸವಿ ಸೆಪ್ಟೆಂಬರು 11ರ ದುರಂತವನ್ನು ಕುರಿತು ಅಮೆರಿಕಾ ದೇಶದ ವಿಚಾರಣಾ ಆಯೋಗವು 2004ರಲ್ಲಿ ಪ್ರಕಟಿಸಿದ ವರದಿಯು, ರಾಜಕೀಯ ಲೇಖ್ಯವಾಗಿದ್ದೂ ಆ ವರ್ಷದ ರಾಷ್ಟ್ರೀಯ ಗ್ರಂಥಪುರಸ್ಕಾರದ ಅಂತಿಮ ಪಟ್ಟಿಯಲ್ಲಿ ಸೇರಿತು. ಅದರ ಕಥನಗುಣವು ಪ್ರಸಿದ್ಧವಾಗಿದೆ. ಇಲ್ಲಿ ವಿಚಾರಿಸತಕ್ಕುದು ಅದರ ಹನ್ನೆರಡನೆಯ ಅಧ್ಯಾಯದ ಒಂದು ವಿಧಿ. ರಕ್ಷಣಾರ್ಥವಾದ ಧನವನ್ನು ಅಪಾಯವನ್ನೂ ದೌರ್ಬಲ್ಯವನ್ನೂ ಅಳೆದೇ ಹಂಚಬೇಕು, ಸಂಸ್ಥಾನಗಳಿಗೆ ಸಲ್ಲುವ ಸಾಮಾನ್ಯ ಆದಾಯದ ಪಾಲಿನಂತೆ ಕೊಡಬಾರದು ಎಂಬುದು ಅದರ ತಾತ್ಪರ್ಯ.

ಈ ವಿಧಿಗೆ ಕಾರಣವು ಸ್ಪಷ್ಟವಾಗಿಯೇ ಇದ್ದಿತು. 2001ರ ಶಾಸನವು ಪ್ರತಿಯೊಂದು ಸಂಸ್ಥಾನಕ್ಕೂ ಒಟ್ಟು ಧನದಲ್ಲಿ ಶೇಕಡಾ 0.75ನ್ನು ಮೊದಲೇ ಮೀಸಲಿಟ್ಟಿತು. ಹೀಗೆ ಸುಮಾರು ಶೇಕಡಾ 40 ಭಾಗವು ಯಾವ ಪರೀಕ್ಷೆಯೂ ಇಲ್ಲದೆ ಹಂಚಿಹೋಗುತ್ತಿತ್ತು. ಉಳಿದುದನ್ನು ಜನಸಂಖ್ಯೆಯಂತೆ ಕೊಡುತ್ತಿದ್ದರು. ವಿರಳ ಜನವಸತಿಯ ವಯೋಮಿಂಗಿಗೆ ತಲೆಯೊಂದಕ್ಕೆ ಬಂದುದು ನ್ಯೂಯಾರ್ಕಿಗೆ ಬಂದುದಕ್ಕಿಂತ ಎಷ್ಟೋ ಪಾಲು ಹೆಚ್ಚು. 2007ರ ಶಾಸನವು ಈ ಕನಿಷ್ಠಾಂಶವನ್ನು 0.375ಕ್ಕೆ ತಗ್ಗಿಸಿ, ಕ್ರಮವಾಗಿ 0.35ಕ್ಕೆ ಇಳಿಸಿತು, ಅಪಾಯಕ್ಕೆ ಪ್ರಾಧಾನ್ಯವನ್ನು ಕೊಟ್ಟಿತು.

ಆದರೆ ‘ಅಪಾಯ’ವೆಂದರೇನು? ಭೀತಿ, ದೌರ್ಬಲ್ಯ, ಪರಿಣಾಮ ಈ ಮೂರರ ಗುಣಲಬ್ಧವೆಂದು ಇಲಾಖೆಯ ಸೂತ್ರ. ಸೂತ್ರವು ನಿರ್ದುಷ್ಟವಾಗಿಯೇ ಕಾಣುವುದು. ದೋಷವು ಅದರೊಳಕ್ಕೆ ಬೀಳುವ ಪದಾರ್ಥಗಳ ವರ್ಣನೆಯಲ್ಲಿದೆ. ಕೊಂಬುಳ್ಳುದೇ ಗೋವು ಎಂದರೆ ಎಮ್ಮೆಯೂ ಗೋವಾಗುವುದು. ಕಂದುಬಣ್ಣದ್ದೇ ಗೋವು ಎಂದರೆ ಬಿಳಿಯ ಹಸು ಗೋವಲ್ಲದೆ ಹೋಗುವುದು. ಮೊದಲನೆಯದು ಅತಿವ್ಯಾಪ್ತಿ, ಎರಡನೆಯದು ಅವ್ಯಾಪ್ತಿ ಎಂದು ನಮ್ಮ ತಾರ್ಕಿಕರು ಬಾಲಪಾಠದಲ್ಲಿಯೇ ಹೇಳಿಕೊಡುವರು.

2006ರಲ್ಲಿ ಈ ಎರಡು ದೋಷಗಳೂ ಒಟ್ಟಿಗೆ ಪ್ರಕಟವಾದುವು. ರಕ್ಷಣೀಯವಾದ ರಾಷ್ಟ್ರಸ್ವತ್ತುಗಳ ಪಟ್ಟಿಯಲ್ಲಿ 77,069 ನಮೂದುಗಳಿದ್ದುವು. ಅವುಗಳಲ್ಲಿ ಇಂಡಿಯಾನಕ್ಕೆ 8,591, ನ್ಯೂಯಾರ್ಕ್ ಸಂಸ್ಥಾನಕ್ಕೆ 5,687. ಮಕ್ಕಳು ಮುಟ್ಟಿ ನಲಿಯುವ ಪ್ರಾಣಿಗಳ ಕಿರುಶಾಲೆ, ಹೇಸರಗತ್ತೆಗಳ ಮೆರವಣಿಗೆ, ಮೆಕ್ಕೆಜೋಳದ ಅರಳಿನ ವ್ಯಾಪಾರ ಇವೂ ಅಲ್ಲಿ ಸೇರಿದ್ದುವೆಂದು ಇಲಾಖೆಯ ಪರಿವೀಕ್ಷಕಾಧಿಕಾರಿಯೇ ತೋರಿಸಿದನು. ಇದು ಅತಿವ್ಯಾಪ್ತಿ. ಅದೇ ವರ್ಷ ನ್ಯೂಯಾರ್ಕ್ ನಗರದ ಲೆಕ್ಕದ ಹಾಳೆಯಲ್ಲಿ ರಾಷ್ಟ್ರಸ್ಮಾರಕಗಳ ಸಂಖ್ಯೆ ಸೊನ್ನೆ. ಬ್ರೂಕ್ಲಿನ್ ಸೇತುವೆಯು ಸೇತುವೆಗಳ ವರ್ಗಕ್ಕೂ ಎಂಪೈರ್ ಸ್ಟೇಟ್ ಭವನವು ಎತ್ತರದ ಕಚೇರಿಕಟ್ಟಡಗಳ ವರ್ಗಕ್ಕೂ ಸಂದುವು. ಇದು ಅವ್ಯಾಪ್ತಿ. ಆ ನಗರದ ಧನವು ಸುಮಾರು 207 ದಶಲಕ್ಷ ಡಾಲರಿನಿಂದ 124ಕ್ಕೆ ಇಳಿಯಿತು. ಇಳಿತಕ್ಕೆ ಇದೊಂದೇ ಕಾರಣವಲ್ಲ. ಅರ್ಜಿಗಳ ಗುಣಪರೀಕ್ಷೆಯೂ ಅದರಲ್ಲಿ ಸೇರಿದ್ದಿತು. ಆದರೂ ಹಿಂದೆ ಏಟು ತಿಂದ ನಗರಕ್ಕೆ ಈ ಸೊನ್ನೆಯು ಸಮಾಧಾನವನ್ನು ಕೊಡಲಾರದು.

ಪಟ್ಟಿಯು ಕೇವಲ ಸಂಗ್ರಹವೇ ಹೊರತು ಪ್ರಾಧಾನ್ಯಕ್ರಮವಲ್ಲವೆಂದು ಇಲಾಖೆಯ ಪಕ್ಷ. ಹಾಗಾದರೆ ಆರಿಸುವ ಲಕ್ಷಣವೆಲ್ಲಿ ಎಂಬ ಪ್ರಶ್ನೆ ಉಳಿಯುವುದು.

ವೆಚ್ಚದ ನಿಯಮದಲ್ಲಿಯೂ ಇದೇ ತೊಡಕು ಕಾಣುವುದು. ಸಂಸ್ಥಾನಕ್ಕೆ ಬಂದ ಧನದಲ್ಲಿ ಕನಿಷ್ಠ ಶೇಕಡಾ 80 ಸ್ಥಳೀಯಾಡಳಿತಗಳಿಗೆ 45 ದಿನಗಳೊಳಗೆ ಸಲ್ಲಬೇಕು. ಆಡಳಿತಕ್ಕೆ ನೇರವಾಗಿ ಸಂಬಂಧಿಸಿದ ವೆಚ್ಚಕ್ಕೆ ಮೂಲಶಾಸನವು ಶೇಕಡಾ 3ನ್ನು ಗೊತ್ತುಮಾಡಿತು. ಅನಂತರದ ವಾರ್ಷಿಕ ವಿನಿಯೋಗ ಶಾಸನಗಳು 5ರವರೆಗೆ ಅನುಮತಿಯನ್ನಿತ್ತುವು. ಧನವು ಕಚೇರಿಗಳಲ್ಲಿಯೇ ಕರಗಬಾರದೆಂಬ ಉದ್ದೇಶವು ಯುಕ್ತವೇ ಸರಿ. ಆದರೆ ಯೋಜನೆಯನ್ನು ರಚಿಸುವ ವೆಚ್ಚಕ್ಕೆ ಬೇರೆ ತಲೆಬರಹವಿದೆ. ಒಬ್ಬನೇ ಅಧಿಕಾರಿ ಬೆಳಿಗ್ಗೆ ಯೋಜನೆಯನ್ನು ಬರೆದು ಸಂಜೆ ಲೆಕ್ಕವನ್ನು ಬರೆದರೆ, ಅವನ ವೇತನದಲ್ಲಿ ಎಷ್ಟು ಆಡಳಿತ, ಎಷ್ಟು ಯೋಜನೆ? ಸಂಖ್ಯೆಯು ಖಚಿತವಾಗಿದ್ದರೂ ಪದವು ಸಡಿಲವಾದರೆ ಮಿತಿಯೂ ಸಡಿಲವೇ. ಇದಲ್ಲದೆ ಅಲ್ಪಧನವನ್ನು ಪಡೆದ ಸಂಸ್ಥಾನವೂ ಲೆಕ್ಕಪತ್ರಗಳನ್ನು ಪೂರ್ಣವಾಗಿಯೇ ಒಪ್ಪಿಸಬೇಕು. ಅದಕ್ಕೆ ದೊರೆಯುವ ಅಂಶವು ಮಾತ್ರ ಅಲ್ಪ.

ವರದಿಕಾರರಿಗೆ ಈ ತೊಡಕು ಹೊಳೆದಿರಲಿಲ್ಲವೆಂದು ಹೇಳುವಂತಿಲ್ಲ. ಜನಸಂಖ್ಯೆ, ಜನಸಾಂದ್ರತೆ, ದೌರ್ಬಲ್ಯ, ಮುಖ್ಯ ಸೌಕರ್ಯಗಳ ಇರವು ಇವನ್ನು ಗಣಿಸಬೇಕೆಂದೂ, ತಜ್ಞಮಂಡಲಿಯೊಂದು ಅಳತೆಗೋಲುಗಳನ್ನು ಬರೆದಿಡಬೇಕೆಂದೂ ಅವರೇ ಸೂಚಿಸಿದ್ದರು. ಅನುಷ್ಠಾನದಲ್ಲಿ ಪದವು ಮುಂದಾಯಿತು, ಲಕ್ಷಣವು ಹಿಂದುಳಿಯಿತು. ಆದುದರಿಂದ ಆ ವರದಿಯನ್ನು ಪಾಠ ಹೇಳುವ ಅಧ್ಯಾಪಕರು ಅದರ ಕಥನದೊಡನೆ ಈ ಅಧ್ಯಾಯವನ್ನೂ ಓದಿಸಬೇಕು. ಲಕ್ಷಣವಿಚಾರವು ಶುಷ್ಕಪಾಂಡಿತ್ಯವೆಂದು ಭಾವಿಸುವ ವಿದ್ಯಾರ್ಥಿಗೆ, ಒಂದು ಪದದ ವ್ಯಾಪ್ತಿಯು ಒಂದು ನಗರದ ರಕ್ಷಣೆಯನ್ನು ಎಷ್ಟರಮಟ್ಟಿಗೆ ನಿರ್ಣಯಿಸಬಲ್ಲುದೆಂಬುದು ಅದರಿಂದ ವಿದಿತವಾಗುವುದು.