ನೆಲಕ್ಕೆ ಹತ್ತಿರವಿರುವವರ ಮನೆ

ಹೊನ್ನಾವರ ಮತ್ತು ಕುಮಟಾ ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಳದೀಪುರವಿದೆ. ಇಲ್ಲಿ ಎರಡು ಬಗೆಯ ಮನೆಗಳು ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಒಂದು, ಚಿರೇಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಜಗಲಿ ಮತ್ತು ಅಂಗಳವಿರುವ ಹಳೆಯ ಮನೆ. ಇನ್ನೊಂದು, ಕಾಂಕ್ರೀಟ್ ತಾರಸಿ, ಹೊಳೆಯುವ ಟೈಲ್ಸ್ ನೆಲ ಮತ್ತು ಮಹಡಿಗೆ ಸ್ಟೀಲ್ ಪೈಪಿನ ಕಟಾಂಜನವಿರುವ ಹೊಸ ಮನೆ. ಕರಾವಳಿಯ ಯಾವ ಊರಿನಲ್ಲೂ ಈಗ ಇದೇ ದೃಶ್ಯ.

ಹೊಸ ಮನೆ ಕಟ್ಟುವವರ ಕೈಯಲ್ಲಿ ನಕ್ಷೆಗಳ ಪುಸ್ತಕವಿರುತ್ತದೆ. 'ಮಕ್ಕಳಿಗೆ ಹಿತವಾದ ಮನೆ', 'ಸಾಕುಪ್ರಾಣಿಗಳಿಗೆ ಹಿತವಾದ ಮನೆ' ಎಂಬ ಶೀರ್ಷಿಕೆಗಳೂ ಅವುಗಳಲ್ಲಿ ಬರುತ್ತಿವೆ. ಒಳಗೆ ನೋಡಿದರೆ ಮಗುವಿನ ಕೋಣೆಗೆ ಗೊಂಬೆ ಚಿತ್ರದ ಗೋಡೆ, ನಾಯಿಗೆ ಮೆಟ್ಟಿಲ ಕೆಳಗೊಂದು ಗೂಡು, ಅಷ್ಟೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಈ ನಕ್ಷೆಗಳೆಲ್ಲ ನಿಂತಿರುವ ದೊಡ್ಡವರ ಕಣ್ಣಿನ ಎತ್ತರದಿಂದ, ಅಂದರೆ ಸುಮಾರು 150 ಸೆಂ.ಮೀ.ನಿಂದ ಮನೆಯನ್ನು ನೋಡುತ್ತವೆ. ಒಂದು ವರ್ಷದ ಮಗುವಿನ ಎತ್ತರ ಸುಮಾರು 75 ಸೆಂ.ಮೀ. ಊರ ನಾಯಿ ಅದಕ್ಕಿಂತ ಗಿಡ್ಡ, ಬೆಕ್ಕು ಇನ್ನೂ ಗಿಡ್ಡ. ಇವರ ಪಾಲಿಗೆ ಮನೆಯೆಂದರೆ ಗೋಡೆಯ ಬಣ್ಣವಲ್ಲ. ನೆಲ, ಕಟಾಂಜನದ ಸಂದು, ಬಾವಿಯ ಅಂಚು.

ಮೊದಲು ನೆಲವನ್ನೇ ತೆಗೆದುಕೊಳ್ಳೋಣ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ. ತನ್ನ ತೂಕದ ಶೇಕಡ ಅರ್ಧದಷ್ಟು ನೀರನ್ನೂ ಅದು ಹೀರದು. ಕಲೆ ನಿಲ್ಲದ ಕಾರಣ ಒಣ ಊರಿಗೆ ಇದು ಗುಣ. ಆದರೆ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಹೊನ್ನಾವರ ಸೀಮೆಯಲ್ಲಿ ಏನಾಗುತ್ತದೆ ನೋಡಿ. ಎರಡು ಮೂರು ದಿನ ಬಿಡದೆ ಮಳೆ ಸುರಿದು ನೆಲದ ಉಷ್ಣತೆ 25 ಡಿಗ್ರಿಗೆ ಇಳಿದಿದೆ ಎಂದುಕೊಳ್ಳಿ. ಮಳೆ ಬಿಟ್ಟು ಬಿಸಿಲು ಬಂತು. ಹೊರಗಿನ ಗಾಳಿ 28 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 90. ಈ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅದಕ್ಕಿಂತ ತಂಪಾದ ಯಾವ ಮೇಲ್ಮೈ ಮುಟ್ಟಿದರೂ ಗಾಳಿಯಲ್ಲಿರುವ ಆವಿ ನೀರಾಗುತ್ತದೆ. 'ನೆಲ ಬೆವರುತ್ತದೆ' ಎಂದು ಜನ ಹೇಳುವುದು ಇದನ್ನೇ. ಬೆವರುವುದು ನೆಲವಲ್ಲ, ಗಾಳಿ. ಸಗಣಿ ಸಾರಿಸಿದ ಮಣ್ಣಿನ ನೆಲ ಈ ತೇವವನ್ನು ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತಿತ್ತು. ಟೈಲ್ಸ್ ಮೇಲೆ ಅದು ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಅಂಗಳದಿಂದ ಓಡಿಬರುವ ಮಗುವಿನ ಒದ್ದೆ ಕಾಲು, ನಾಯಿಯ ಒದ್ದೆ ಪಾದ ಇದಕ್ಕೆ ಸೇರುತ್ತವೆ.

ಜಾರುವಿಕೆಯನ್ನು ಅಂಗಡಿಯಲ್ಲೇ ಅಳೆಯಬಹುದು. ಒಂದು ಟೈಲ್ಸ್ ಮೇಲೆ ನೀರು ಚಿಮುಕಿಸಿ, ಅದರ ಮೇಲೆ ರಬ್ಬರ್ ಅಟ್ಟೆಯ ಚಪ್ಪಲಿಯೊಂದನ್ನು ಇಟ್ಟು, ಟೈಲ್ಸನ್ನು ನಿಧಾನವಾಗಿ ಓರೆ ಮಾಡಿ. ಚಪ್ಪಲಿ ಜಾರಲು ತೊಡಗಿದ ಕೋನದ ಟ್ಯಾಂಜೆಂಟ್ ಬೆಲೆಯೇ ಸ್ಥಿರ ಘರ್ಷಣೆಯ ಗುಣಾಂಕ. ಇದು ಪಿ.ಯು. ವಿದ್ಯಾರ್ಥಿಗಳಿಗೆ ಗೊತ್ತಿರುವ ಪ್ರಯೋಗ. 20 ಡಿಗ್ರಿಯ ಟ್ಯಾಂಜೆಂಟ್ 0.36. ಬ್ರಿಟನ್ನಿನಲ್ಲಿ ನೆಲಗಳನ್ನು ಪರೀಕ್ಷಿಸುವ ಲೋಲಕ ಪರೀಕ್ಷೆಯಲ್ಲಿ 36 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಜಾರುವ ಅಪಾಯ ಕಡಿಮೆ ಎಂದು ಎಣಿಸುತ್ತಾರೆ. ಅದು ಸರಿಸುಮಾರು ಇದೇ ಗುಣಾಂಕಕ್ಕೆ ಹೊಂದುತ್ತದೆ. ಆದರೆ ಅವರು ಅಳೆಯುವುದು ಚಲನೆಯಲ್ಲಿರುವಾಗಿನ ಘರ್ಷಣೆಯನ್ನು. ನಿಮ್ಮ ಚಪ್ಪಲಿ ತೋರಿಸುವುದು ಸ್ಥಿರ ಘರ್ಷಣೆ, ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆದ್ದರಿಂದ 20 ಡಿಗ್ರಿಗೆ ಮೊದಲೇ ಜಾರಿದ ಟೈಲ್ಸನ್ನು ಜಗಲಿಗೂ ಬಚ್ಚಲಿಗೂ ಮೆಟ್ಟಿಲಿಗೂ ಖಂಡಿತ ಹಾಕಬೇಡಿ. 'ಆ್ಯಂಟಿ ಸ್ಕಿಡ್' ಎಂಬ ಚೀಟಿಗಿಂತ ಈ ಚಪ್ಪಲಿ ನಂಬಿಕೆಗೆ ಅರ್ಹ.

ನಾಯಿಯ ಕಷ್ಟ ಇನ್ನೂ ಹೆಚ್ಚಿನದು. ಬೆಕ್ಕಿನ ಹಾಗೆ ಅದು ಉಗುರನ್ನು ಒಳಗೆಳೆದುಕೊಳ್ಳಲಾರದು. ಗಟ್ಟಿ ಉಗುರು ಗಟ್ಟಿ ಟೈಲ್ಸ್ ಮೇಲೆ ಹಿಡಿತ ಕೊಡುವುದಿಲ್ಲ. ನಾರ್ವೆಯಲ್ಲಿ ದೊಡ್ಡ ತಳಿಯ ನಾಯಿಗಳನ್ನು ಮರಿಯಿಂದಲೇ ಗಮನಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಬಳಸಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚೆಂದೂ, ಮೆತ್ತನೆಯ ಏರುಪೇರಾದ ನೆಲದಲ್ಲಿ ಬಿಡುಬೀಸಾಗಿ ಓಡಾಡಿದವುಗಳಲ್ಲಿ ಕಡಿಮೆಯೆಂದೂ ಕಂಡಿತು. ಮೆಟ್ಟಿಲ ಕೆಳಗಿನ ಗೂಡಿಗಿಂತ ಅಂಗಳವೇ ಮರಿಗೆ ಮೇಲು.

ಹಾಗೆಂದು ಟೈಲ್ಸ್ ಪೂರ್ತಿ ಕೆಟ್ಟದ್ದಲ್ಲ. ನಾಯಿಗೆ ಬೆವರಿನ ಗ್ರಂಥಿಗಳಿರುವುದು ಮುಖ್ಯವಾಗಿ ಪಾದಗಳಲ್ಲಿ. ಅದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ತೇವ ತುಂಬಿದ ಕರಾವಳಿ ಗಾಳಿಯಲ್ಲಿ ಆವಿಯಾಗುವಿಕೆ ನಿಧಾನ. ಆದ್ದರಿಂದಲೇ ಮೇ ತಿಂಗಳಲ್ಲಿ ನಾಯಿ ಹೊಟ್ಟೆಯನ್ನು ಟೈಲ್ಸಿಗೆ ಒತ್ತಿ ಮಲಗುತ್ತದೆ, ಉಷ್ಣವಹನವೇ ಅದಕ್ಕೆ ಆಸರೆ. ಅದೇ ನೆಲದ ಮೇಲೆ ಜುಲೈನಲ್ಲಿ ಚಾಪೆಯಿಲ್ಲದೆ ಮಲಗಿಸಿದ ಕೂಸಿನ ಮೈಯಿಂದಲೂ ಉಷ್ಣ ಅಷ್ಟೇ ವೇಗವಾಗಿ ಹೋಗುತ್ತದೆ. ಇನ್ನೊಂದು ಮಾತು: ಫೀನಾಲ್ ಇರುವ ದ್ರಾವಣದಿಂದ ನೆಲ ಒರೆಸುವ ಮನೆಯಲ್ಲಿ ಬೆಕ್ಕಿದ್ದರೆ ಎಚ್ಚರ. ಬೆಕ್ಕು ಪಾದ ನೆಕ್ಕುತ್ತದೆ, ಅದರ ಯಕೃತ್ತಿಗೆ ಫೀನಾಲನ್ನು ಬೇಗ ನಿವಾರಿಸುವ ಶಕ್ತಿಯಿಲ್ಲ.

ಹೊಸ ಮನೆಯ ಅತ್ಯಂತ ಅಪಾಯಕಾರಿ ವಸ್ತು, ನನ್ನ ದೃಷ್ಟಿಯಲ್ಲಿ, ಅಡ್ಡ ಪೈಪುಗಳ ಕಟಾಂಜನ. ತಾರಸಿ, ಬಾಲ್ಕನಿಗಳ ಅಂಚಿನ ತಡೆ 1 ಮೀಟರಿಗಿಂತ ಕಡಿಮೆ ಇರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎಲ್ಲರೂ ಅದನ್ನು ಪಾಲಿಸಿರುತ್ತಾರೆ. ಆದರೆ 15 ಸೆಂ.ಮೀ.ಗೊಂದು ಅಡ್ಡ ಪೈಪು ಹಾಕಿದರೆ ಅದು ತಡೆಯಲ್ಲ, ಏಣಿ. ನಾಲ್ಕು ವರ್ಷದ ಮಗುವಿನ ಎತ್ತರ ಸುಮಾರು 1 ಮೀಟರ್. ಅದರ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಹಾಗಾಗಿ ಗುರುತ್ವ ಕೇಂದ್ರ ದೇಹದ ನಡುಮಧ್ಯಕ್ಕಿಂತ ಮೇಲೆ, ಪಾದದಿಂದ 55 ಸೆಂ.ಮೀ.ಗೂ ಎತ್ತರದಲ್ಲಿದೆ. ಮೂರನೆಯ ಪೈಪಿನ ಮೇಲೆ ನಿಂತಾಗ ಪಾದ 45 ಸೆಂ.ಮೀ. ಎತ್ತರದಲ್ಲಿರುತ್ತದೆ, ಗುರುತ್ವ ಕೇಂದ್ರ ಕಟಾಂಜನದ ಮೇಲಂಚನ್ನು ದಾಟಿಬಿಟ್ಟಿತು. ಇನ್ನು ಬಾಗಿದರೆ ಸಾಕು, ಮಗು ಮಗುಚುತ್ತದೆ.

ಸಂದಿನ ಲೆಕ್ಕವೂ ಹೀಗೆಯೇ. ಒಂದು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 46 ಸೆಂ.ಮೀ. ಅದನ್ನು ಪೈನಿಂದ ಭಾಗಿಸಿದರೆ ಸರಾಸರಿ ವ್ಯಾಸ 14.6 ಸೆಂ.ಮೀ. 15 ಸೆಂ.ಮೀ. ಸಂದಿನಲ್ಲಿ ತಲೆಯೂ ತೂರುತ್ತದೆ. ಬ್ರಿಟನ್ನಿನ ನಿಯಮದಂತೆ ಮಕ್ಕಳಿರುವ ಕಟ್ಟಡದ ಕಟಾಂಜನದ ಯಾವ ಸಂದಿನಲ್ಲೂ 10 ಸೆಂ.ಮೀ. ವ್ಯಾಸದ ಗೋಲ ದಾಟಬಾರದು. ಅದೇ ಅಳತೆಯ ಒಂದು ಚೆಂಡು ಸಿಕ್ಕರೆ ನಿಮ್ಮ ಶಾಲೆಯ ಮಹಡಿಯಲ್ಲೇ ಪರೀಕ್ಷಿಸಿ ನೋಡಿ. ಪೈಪುಗಳನ್ನು ಅಡ್ಡದ ಬದಲು ನೆಟ್ಟಗೆ, ಹತ್ತಿರ ಹತ್ತಿರ ನಿಲ್ಲಿಸಿದರೆ ಎರಡು ತೊಂದರೆಯೂ ತೀರಿತು. ಬೆಕ್ಕಿನ ಮರಿ ಮಾತ್ರ ಆಗಲೂ ತೂರೀತು; ಅದಕ್ಕೆ ಬಲೆಯೇ ಬೇಕು.

ಮಕ್ಕಳ ಕೋಣೆಯನ್ನು ಮಹಡಿಯ ಮೇಲೆ, ತಾರಸಿಯ ನೇರ ಕೆಳಗೆ ಇಡುವುದು ಈ ನಕ್ಷೆಗಳ ಇನ್ನೊಂದು ರೂಢಿ. ಹಳದೀಪುರದ ಅಕ್ಷಾಂಶ 14 ಡಿಗ್ರಿಗಿಂತ ತುಸು ಹೆಚ್ಚು. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. 12 ಸೆಂ.ಮೀ. ಕಾಂಕ್ರೀಟನ್ನು ದಾಟಿ ಉಷ್ಣದ ಅಲೆ ಕೆಳಕ್ಕೆ ಬರಲು ಲೆಕ್ಕದ ಪ್ರಕಾರ ಸುಮಾರು ಮೂರೂವರೆ ಗಂಟೆ ಹಿಡಿಯುತ್ತದೆ. ಸಂಜೆ ಐದಕ್ಕೆ ಛಾವಣಿಯ ಒಳಮೈ ಗರಿಷ್ಠ ಬಿಸಿ ತಲಪಿ, ಮಕ್ಕಳು ಮಲಗುವ ಹೊತ್ತಿಗೂ ವಿಕಿರಣ ಸೂಸುತ್ತಿರುತ್ತದೆ. ತೆಳುವಾದ ಹೆಂಚು ಮಧ್ಯಾಹ್ನ ಬೇಗ ಕಾಯುತ್ತದೆ ನಿಜ, ಸೂರ್ಯ ಮುಳುಗಿದೊಡನೆ ಬೇಗ ಆರುತ್ತದೆ ಕೂಡ.

ಇಷ್ಟು ಓದಿದವರು ಹಳೆಯ ಮನೆಯೇ ಚಂದ ಎನ್ನಬಹುದು. ಅವಸರ ಬೇಡ. ಕಡಿದಾದ ಅಟ್ಟದ ಏಣಿಗೆ ಹಿಡಿಕೆಯೇ ಇರುವುದಿಲ್ಲ. ಕೊಟ್ಟಿಗೆ ಮನೆಗೆ ಅಂಟಿಕೊಂಡಿರುವುದರಿಂದ ಉಣುಗು ಹಾಸಿಗೆಯವರೆಗೂ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಅದು ಹೊನ್ನಾವರ ತಾಲ್ಲೂಕಿಗೂ ಅಪರಿಚಿತವಲ್ಲ. ಕಾಡಂಚಿಗೆ ಹೋಗಿಬರುವ ದನ, ನಾಯಿಗಳು ಮಲಗುವ ಜಾಗ ಮಗುವಿನ ಚಾಪೆಯಿಂದ ದೂರವಿರಬೇಕು.

ಎಲ್ಲಕ್ಕಿಂತ ದೊಡ್ಡದು ಬಾವಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಕಾಲು ಭಾಗದಷ್ಟು ಐದು ವರ್ಷದೊಳಗಿನ ಮಕ್ಕಳು. ಮಳೆಗಾಲದಲ್ಲಿ ಕರಾವಳಿಯ ಬಾವಿಗಳಲ್ಲಿ ನೀರು ಮೇಲಕ್ಕೆ ಬರುತ್ತದೆ, ಬಗ್ಗಿ ನೋಡುವ ಆಸೆ ಮಕ್ಕಳಿಗೆ ಆಗಲೇ ಹೆಚ್ಚು. ಮೊಣಕಾಲೆತ್ತರದ ಚಿರೇಕಲ್ಲಿನ ಕಟ್ಟೆ ದೊಡ್ಡವರು ನೀರು ಸೇದಲು ಅನುಕೂಲ, ಮಗುವಿಗೆ ಹತ್ತಲೂ ಅನುಕೂಲ. ಕಟ್ಟೆಯನ್ನು ಎತ್ತರಿಸಿದರಷ್ಟೇ ಸಾಲದು, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿದ್ದರೆ ಅದು ಮೆಟ್ಟಿಲಾಗುತ್ತದೆ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದವರು ಕಡಲ ಉಪ್ಪುಗಾಳಿಗೆ ಅದು ಎಷ್ಟು ತುಕ್ಕು ಹಿಡಿದಿದೆ ಎಂದು ಪ್ರತಿವರ್ಷ ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಒಂದು ಸಲ ಒತ್ತಿ ನೋಡಬೇಕು.