ಶಿಬಿರದವರು, ಪೇಟೆಯವರು
ಬುರುಂಡಿಯಲ್ಲಿ 1972ರಲ್ಲಿ ನಡೆದ ಹುಟು ಜನರ ಕಗ್ಗೊಲೆಯಿಂದ ತಪ್ಪಿಸಿಕೊಂಡು ಟಾಂಜಾನಿಯಾ ಸೇರಿದವರ ಮೇಲೆ ಮಾನವಶಾಸ್ತ್ರಜ್ಞೆ ಲೀಸಾ ಮಾಲ್ಕಿ ಬರೆದ ಪುಸ್ತಕ ‘ಪ್ಯೂರಿಟಿ ಅಂಡ್ ಎಕ್ಸೈಲ್’ (1995). ಇಂಗ್ಲಿಷ್ ಕೊಂಚ ಬಿಗಿ, ಆದರೂ ಬಿಡಲಾಗಲಿಲ್ಲ. ಮಿಶಾಮೋ ಶಿಬಿರದಿಂದ ಹೊರಡಲು ಆಗ ಅಪ್ಪಣೆ ಚೀಟಿ ಬೇಕಿತ್ತು. ಅಲ್ಲಿನವರು ತಮ್ಮ ಕಥೆಯನ್ನೇ ಹೇಳಿಕೊಳ್ಳುತ್ತ ‘ನಾವು ಹುಟುಗಳು’ ಎಂಬುದನ್ನು ಗಟ್ಟಿಮಾಡಿಕೊಂಡರು. ಕಿಗೋಮಾ ಪೇಟೆಗೆ ಹೋದವರು ಸ್ಥಳೀಯರೊಂದಿಗೆ ಮದುವೆ, ವ್ಯಾಪಾರ ಮಾಡಿಕೊಂಡು, ಗುರುತು ಮರೆಸಿ ಬೆರೆತುಹೋದರು. ಭದ್ರತೆಗೆಂದು ದೂರವಿಟ್ಟದ್ದೇ ಅವರನ್ನು ಬೇರೆಯವರನ್ನಾಗಿಸಿತೆಂದು ಆಕೆ ಬಿಡಿಸಿ ತೋರಿಸುವ ಬಗೆ ಚೆನ್ನ. ಆದರೆ ಶಿಬಿರಕ್ಕೆ ಸಿಕ್ಕಷ್ಟು ಪುಟ ಪೇಟೆಗೆ ಸಿಕ್ಕಿಲ್ಲ. ಬೆರೆತವರ ಮನೆಯೊಳಗೆ ಮಕ್ಕಳೊಡನೆ ಯಾವ ಭಾಷೆ ಆಡುತ್ತಿದ್ದರು ಎಂದು ನಾನು ಹುಡುಕುತ್ತಲೇ ಇದ್ದೆ. ಇನ್ನೊಂದು ಮಾತು: 2014ರಲ್ಲಿ ಟಾಂಜಾನಿಯಾ ಆ ನಿರಾಶ್ರಿತರಲ್ಲಿ ಸುಮಾರು 1,62,000 ಮಂದಿಗೆ ಪೌರತ್ವ ಕೊಟ್ಟಿತು. ಅದರಲ್ಲಿ ಮಿಶಾಮೋದವರೂ ಇದ್ದರು. ಈ ಪುಸ್ತಕವೊಂದನ್ನೇ ಓದಿದವರು ಅದನ್ನು ಊಹಿಸಲಾರರು.