ತಕ್ಕಡಿಗೆ ಮುದ್ರೆಯುಂಟು, ಆಪ್ತಸಮಾಲೋಚಕರಿಗೆ?

ಶಿಕ್ಷಕರೊಬ್ಬರ ಎದುರು 'ಕೌನ್ಸೆಲಿಂಗ್' ಎಂದು ಹೇಳಿ ನೋಡಿ. ಅವರಿಗೆ ಮೊದಲು ನೆನಪಾಗುವುದು ವರ್ಗಾವಣೆ. ಪಿಯುಸಿ ಮುಗಿಸಿದ ವಿದ್ಯಾರ್ಥಿಗೆ ನೆನಪಾಗುವುದು ಸಿಇಟಿ ಸೀಟು. ನೊಂದವರ ಮಾತನ್ನು ಕೇಳುವ, ವರ್ಷಗಟ್ಟಲೆ ಕಲಿತು ಮಾಡಬೇಕಾದ ವೃತ್ತಿಯೊಂದಕ್ಕೂ ಇದೇ ಹೆಸರಿದೆ ಎಂಬುದು ಮೂರನೆಯದಾಗಿ ಹೊಳೆದರೆ ಪುಣ್ಯ. ಈ ಮೂರನೆಯ ಅರ್ಥಕ್ಕೆ ಕನ್ನಡದಲ್ಲಿ 'ಆಪ್ತಸಲಹೆ', 'ಆಪ್ತಸಮಾಲೋಚನೆ' ಎಂಬ ಎರಡು ಪದಗಳು ಬಳಕೆಯಲ್ಲಿವೆ. ನಾನು ಎರಡನೆಯದನ್ನು ಬಳಸುತ್ತೇನೆ. ಕಾರಣ ಮುಂದೆ ತಿಳಿಯುತ್ತದೆ.

ಈ ಮಾತು ಈಗೇಕೆ ಎಂದು ನೀವು ಕೇಳಬಹುದು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈ 25ರಂದು ತೀರ್ಪು ನೀಡಿ, ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಮಾರ್ಗಸೂಚಿ ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಃಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಬೇಕು. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರೊಡನೆ ಅಧಿಕೃತ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಇದನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿದೆ. 1763ರಲ್ಲಿ ಹೈದರಾಲಿ ಗೆದ್ದ ಬಿದನೂರು ಅದು. ಈಗ ಹೆಸರಿನಲ್ಲಿ ಮಾತ್ರ ನಗರ. ಅಲ್ಲಿಂದ ಸುತ್ತ ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳವರೆಗೆ ಕಾಡಿನ ನಡುವಿನ ಎಷ್ಟೋ ಶಾಲೆಗಳಲ್ಲಿ ನೂರು ಮಕ್ಕಳಿಲ್ಲ. ಅಂದರೆ ಇಲ್ಲಿಗೆ ಅನ್ವಯವಾಗುವುದು ಎರಡನೆಯ ವಾಕ್ಯ. ತಜ್ಞರು ಎಂದರೆ ಶಿವಮೊಗ್ಗ. ತೀರ್ಥಹಳ್ಳಿಯಿಂದ ಸುಮಾರು 60, ಸಾಗರದಿಂದ ಸುಮಾರು 70 ಕಿಲೋಮೀಟರು. ನಗರದಿಂದ ಇನ್ನೂ ದೂರ. ಜುಲೈ ತಿಂಗಳ ಮಳೆಯಲ್ಲಿ ಆ ದೂರ ಎಷ್ಟಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಆದರೆ ನನ್ನ ತಕರಾರು ದೂರದ ಬಗ್ಗೆ ಅಲ್ಲ, 'ಅರ್ಹ' ಎಂಬ ಪದದ ಬಗ್ಗೆ. ಅಡಿಕೆ ಮಂಡಿಯ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಎಲೆಕ್ಟ್ರಾನಿಕ್ ಯಂತ್ರವಾದರೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕು. ತೂಕದಲ್ಲಿ ಮೋಸವಾದರೆ ದೂರು ಕೊಡಲು ಒಂದು ಕಚೇರಿಯಿದೆ. ಹದಿನೇಳರ ಹುಡುಗನ ಮನಸ್ಸಿನ ಭಾರವನ್ನು ತೂಗುವವರಿಗೆ ಯಾವ ಮುದ್ರೆಯಿದೆ?

ಕ್ಲಿನಿಕಲ್ ಮನಃಶಾಸ್ತ್ರಜ್ಞರಿಗೆ ಇದೆ. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, 1950ರ ದಶಕದಲ್ಲೇ ಈ ತರಬೇತಿ ಆರಂಭವಾಗಿತ್ತು. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯಿದೆ ಬಂದ ಮೇಲೆ, ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯಲ್ಲಿ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್. ಮಾಡಿ ನೋಂದಾಯಿಸಿಕೊಳ್ಳುವುದು ಸಾಮಾನ್ಯ ದಾರಿಯಾಯಿತು. ಈಗ ಆ ಎಂ.ಫಿಲ್. ಪದವಿಯೇ ರದ್ದಾಗುವ ಹಾದಿಯಲ್ಲಿದ್ದು, ಕ್ಲಿನಿಕಲ್ ಮನಃಶಾಸ್ತ್ರಕ್ಕೆ 2025-26ರ ಸಾಲಿನವರೆಗೆ ವಿನಾಯಿತಿ ಕೊಡಲಾಯಿತು. ಅದಿರಲಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೂ ಮನೋವೈದ್ಯರು, ಕ್ಲಿನಿಕಲ್ ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಮತ್ತು ದಾದಿಯರನ್ನು ಹೆಸರಿಸುತ್ತದೆ, ಆಪ್ತಸಮಾಲೋಚಕರನ್ನು ಹೆಸರಿಸುವುದಿಲ್ಲ. ಕೊನೆಗೆ 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಅವರಲ್ಲಿ ಹಲವರನ್ನು ತನ್ನ ಪಟ್ಟಿಗೆ ಸೇರಿಸಿತು, ರಾಜ್ಯ ಮಂಡಳಿಗಳು ನೋಂದಣಿ ಪುಸ್ತಕ ಇಡಬೇಕೆಂದಿತು. 'ಸಹವರ್ತಿ' ದರ್ಜೆಗೆ ಕನಿಷ್ಠ 2,000 ಗಂಟೆ, 'ಆರೋಗ್ಯ ವೃತ್ತಿಪರ' ದರ್ಜೆಗೆ ಕನಿಷ್ಠ 3,600 ಗಂಟೆಯ ಶಿಕ್ಷಣ ಎಂದು ಗೆರೆ ಎಳೆಯಿತು.

ಗಂಟೆಗಳನ್ನು ಎಣಿಸಿದ್ದು ಒಳ್ಳೆಯದೇ. ಆದರೆ ಯಾವ ಗಂಟೆಗಳು? ವರ್ನಿಯರ್ ಕ್ಯಾಲಿಪರ್ಸ್ ಬಗ್ಗೆ ನಾನು ನೂರು ಗಂಟೆ ಪಾಠ ಮಾಡಬಲ್ಲೆ. ವಿದ್ಯಾರ್ಥಿ ಅದನ್ನು ಕೈಯಲ್ಲಿ ಹಿಡಿದು, ಶೂನ್ಯ ದೋಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಪ್ಪು ಅಳತೆ ಬರೆದು, ಪಕ್ಕದಲ್ಲಿ ನಿಂತ ಮೇಷ್ಟ್ರು ಅದನ್ನು ತೋರಿಸಿಕೊಡುವವರೆಗೆ ಅವನು ಅಳೆಯಲು ಕಲಿತಿರುವುದಿಲ್ಲ. ಅಮೆರಿಕದಲ್ಲಿ ಸಮಾಲೋಚನಾ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ ಈ ಪಕ್ಕದಲ್ಲಿ ನಿಲ್ಲುವ ಗಂಟೆಗಳನ್ನೇ ಬೇರೆಯಾಗಿ ಎಣಿಸುತ್ತದೆ. ಮೊದಲು 100 ಗಂಟೆ ಅಭ್ಯಾಸ, ಅದರಲ್ಲಿ 40 ಗಂಟೆ ನೊಂದವರ ಎದುರು ಕುಳಿತದ್ದು. ಬಳಿಕ 600 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಎದುರು ಕುಳಿತದ್ದು. ಪದವಿಯ ನಂತರವೂ ಹಿರಿಯರ ಮೇಲ್ವಿಚಾರಣೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಸಾವಿರ ಗಂಟೆ ದುಡಿದು, ಪರೀಕ್ಷೆ ಬರೆದು, ಆಮೇಲೆ ಲೈಸೆನ್ಸು. 1976ರಲ್ಲಿ ವರ್ಜೀನಿಯಾ ರಾಜ್ಯ ಮೊದಲ ಲೈಸೆನ್ಸ್ ಕಾನೂನು ಮಾಡಿತು. ಕೊನೆಯ ರಾಜ್ಯವಾದ ಕ್ಯಾಲಿಫೋರ್ನಿಯಾ ಒಪ್ಪಿದ್ದು 2009ರಲ್ಲಿ. ಅಲ್ಲಿಯೂ ಮೂವತ್ತಮೂರು ವರ್ಷ ಹಿಡಿಯಿತು ಎಂಬುದು ನಮಗೆ ಸ್ವಲ್ಪ ಸಮಾಧಾನ.

ಇಷ್ಟು ಬರೆಯಲು ನನಗೇನು ಹಕ್ಕು? ಭೌತಶಾಸ್ತ್ರದ ಮೇಷ್ಟ್ರಿಗೆ ಮನಃಶಾಸ್ತ್ರದ ಗೊಡವೆ ಏಕೆ? ಹದಿನೈದು ವರ್ಷಗಳ ಹಿಂದೆ, ನಾನಾಗ ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ, ನನ್ನನ್ನು ಆಪ್ತಸಲಹಾ ಕೋಶದ ಸಂಚಾಲಕನನ್ನಾಗಿ ನೇಮಿಸಿದ್ದರು. ಅರ್ಹತೆ: ಎರಡು ದಿನದ ತರಬೇತಿ, ಒಂದು ಪ್ರಮಾಣಪತ್ರ, ಚೀಲ, ಪೆನ್ನು. ದ್ವಿತೀಯ ಬಿ.ಎಸ್ಸಿ.ಯ ಹುಡುಗನೊಬ್ಬ ಬಂದು, ನಿದ್ದೆ ಬರುತ್ತಿಲ್ಲ, ಪುಸ್ತಕ ತೆರೆದರೆ ಎದೆ ಡವಡವ ಎನ್ನುತ್ತದೆ ಎಂದ. "ಮನೆಗೆ ಹೇಳಬೇಡಿ ಸರ್" ಎಂದೂ ಕೇಳಿಕೊಂಡ. ನಾನು ಅವನಿಗೆ ವೇಳಾಪಟ್ಟಿ ಹಾಕಿಕೊಟ್ಟೆ. ಬೆಳಿಗ್ಗೆ ಬೇಗ ಏಳಲು ಹೇಳಿದೆ. ಅದೇ ಸಂಜೆ ಒಳ್ಳೆಯದಾಗಲೆಂದು ಅವನ ತಂದೆಗೆ ಫೋನು ಮಾಡಿದೆ. ಹುಡುಗ ಒಂದು ವಾರ ಕಾಲೇಜಿಗೆ ಬರಲಿಲ್ಲ. ಬಂದ ಮೇಲೂ ನನ್ನ ಕಡೆ ನೋಡಲಿಲ್ಲ. ಮುಂದೆ ಅವನ ಚಿಕ್ಕಮ್ಮ ಶಿವಮೊಗ್ಗದಲ್ಲಿ ಮನೋವೈದ್ಯರ ಬಳಿ ಕರೆದೊಯ್ದರಂತೆ, ಗುಣವಾಯಿತಂತೆ. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ನಾನು ಕೊಟ್ಟದ್ದು ಸಲಹೆ. ಅವನಿಗೆ ಬೇಕಿದ್ದದ್ದು ಸಮಾಲೋಚನೆ, ಅಂದರೆ ಜೊತೆಯಲ್ಲಿ ಕುಳಿತು ಯೋಚಿಸುವುದು. 'ಆಪ್ತಸಲಹೆ' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆಂದು ನನಗೆ ಅನ್ನಿಸುವುದು ಇದಕ್ಕೇ. ಇನ್ನೂ ದೊಡ್ಡ ತಪ್ಪು ಆ ಫೋನು. ನೋಂದಾಯಿತ ವೃತ್ತಿಪರರು ಗೋಪ್ಯತೆ ಕಾಯಬೇಕು, ಪ್ರಾಣಾಪಾಯದಂಥ ಸಂದರ್ಭದಲ್ಲಿ ಮಾತ್ರ, ಅದೂ ಅಗತ್ಯವಿರುವಷ್ಟು ಮಾತ್ರ, ಅದನ್ನು ಸಡಿಲಿಸಬಹುದು ಎಂದು 2017ರ ಕಾಯಿದೆ ಹೇಳುತ್ತದೆ. ನನ್ನ ಎರಡು ದಿನದ ತರಬೇತಿಯಲ್ಲಿ ಗೋಪ್ಯತೆಯ ಮಾತೇ ಬರಲಿಲ್ಲ. ಆ ಹುಡುಗ ನನ್ನ ಮೇಲೆ ದೂರು ಕೊಡಬೇಕೆಂದಿದ್ದರೆ ಎಲ್ಲಿಗೆ ಹೋಗಬೇಕಿತ್ತು? ವೈದ್ಯರ ಮೇಲೆ ದೂರು ಕೊಡಲು ವೈದ್ಯಕೀಯ ಪರಿಷತ್ತಿದೆ. ಲೈಸೆನ್ಸು ಎಂದರೆ ಗೋಡೆಗೆ ತೂಗುಹಾಕುವ ಕಾಗದ ಎಂದುಕೊಂಡಿದ್ದ ನನಗೆ, ಅದು ಮೊದಲಿಗೆ ದೂರು ಕೊಡುವ ವಿಳಾಸ ಎಂದು ತಿಳಿದದ್ದು ಆಗ.

ಕಲಿಯುವ ದಾರಿಯ ಬಗ್ಗೆಯೂ ಒಂದು ಮಾತು. ಯುಜಿಸಿ 2025ರಲ್ಲಿ, ಜುಲೈ-ಆಗಸ್ಟ್ ಪ್ರವೇಶದಿಂದಲೇ, ಮನಃಶಾಸ್ತ್ರವೂ ಸೇರಿದಂತೆ ಆಯೋಗದ ವ್ಯಾಪ್ತಿಯ ವಿಷಯಗಳನ್ನು ದೂರಶಿಕ್ಷಣದಲ್ಲಿ ಮತ್ತು ಆನ್‌ಲೈನಿನಲ್ಲಿ ನಡೆಸಬಾರದೆಂದಿತು. ಪ್ರಯೋಗಾಲಯವನ್ನು ಅಂಚೆಯಲ್ಲಿ ಕಳಿಸಲಾಗದು ಎಂಬ ತರ್ಕವನ್ನು ಒಪ್ಪದಿರಲು ನನಗೆ ಸಾಧ್ಯವಿಲ್ಲ. ಆದರೂ ಇದರ ಇನ್ನೊಂದು ಮುಖ ನೋಡಿ. ಹೊಸನಗರದ ಹಳ್ಳಿಯೊಂದರಲ್ಲಿ ಮನೆ, ಮಕ್ಕಳು, ಶಾಲೆ ನೋಡಿಕೊಂಡು ಇಗ್ನೋದ ಮನಃಶಾಸ್ತ್ರ ಎಂ.ಎ. ಓದಬೇಕೆಂದಿದ್ದ ಶಿಕ್ಷಕಿಗೆ ಇದ್ದ ಒಂದು ಬಾಗಿಲು ಮುಚ್ಚಿತು. ಅದೇ ತಿಂಗಳುಗಳಲ್ಲಿ ನ್ಯಾಯಾಲಯ 'ಅರ್ಹರನ್ನು ನೇಮಿಸಿ' ಎಂದಿತು. ಬೇಡಿಕೆ ಏರಿತು, ಪೂರೈಕೆಯ ದಾರಿ ಕಿರಿದಾಯಿತು. ಪಾಠವನ್ನು ದೂರದಿಂದ ಕೊಟ್ಟು, ಅಭ್ಯಾಸವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣೆದುರು ಮಾಡಿಸುವ ಮಧ್ಯದ ದಾರಿಯನ್ನು ಯೋಚಿಸಬಹುದಿತ್ತು. ಎನ್‌ಸಿಇಆರ್‌ಟಿ ತನ್ನ ಒಂದು ವರ್ಷದ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾವನ್ನು ಹೀಗೇ ರೂಪಿಸಿತ್ತು: ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಮುಖಾಮುಖಿ, ಮೂರು ತಿಂಗಳು ಇಂಟರ್ನ್‌ಶಿಪ್. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಮಾದರಿ ನಮ್ಮಲ್ಲೇ ಇತ್ತು.

ಭಾಷೆಯ ಪ್ರಶ್ನೆಯೂ ಇದೆ. ಮಲೆನಾಡಿನ ಹುಡುಗಿ 'ಬೇಜಾರು' ಎಂದರೆ ಅದು ಬೇಸರವೋ, ದುಃಖವೋ, ಬದುಕೇ ಬೇಡವೆಂಬ ಭಾವವೋ? ಇಂಗ್ಲಿಷಿನ ಪ್ರಶ್ನಾವಳಿಯನ್ನು ಓದಿ ಬಂದವರಿಗೆ ಆ ಒಂದು ಪದದ ಮೂರು ಆಳಗಳು ಗೊತ್ತಾಗಬೇಕಾದರೆ, ಕನ್ನಡದಲ್ಲಿ ಮಾತನಾಡುವವರ ಎದುರು ಕುಳಿತ ಗಂಟೆಗಳು ಬೇಕು. ಬೇರೆಡೆ ಅಂಕನ ಮಾಡಿದ ಉಷ್ಣತಾಮಾಪಕವನ್ನು ಇಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ನಾವು ನಂಬುತ್ತೇವೆಯೇ?

ಮುಂದಿನ ದಿನಗಳಲ್ಲಿ ನಿಮ್ಮಲ್ಲಿ ಹಲವರಿಗೆ ತರಬೇತಿಯ ಆಹ್ವಾನ ಬರಬಹುದು. ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕೆಂದು ಅದೇ ತೀರ್ಪಿನಲ್ಲಿದೆ. ಹೋಗಿ ಬನ್ನಿ, ಕಷ್ಟದಲ್ಲಿರುವ ಮಗುವನ್ನು ಗುರುತಿಸಲು ಅದು ಸಾಕು. ಆ ಪ್ರಮಾಣಪತ್ರದ ಬಲದ ಮೇಲೆ ನಿಮ್ಮನ್ನು 'ಆಪ್ತಸಮಾಲೋಚಕರು' ಎಂದು ವರದಿಯಲ್ಲಿ ನಮೂದಿಸಲು ಬಂದರೆ ಮಾತ್ರ ಸಹಿ ಹಾಕಬೇಡಿ. ಗುರುತಿಸಿದ ಮಗುವನ್ನು ಕಳಿಸಲು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಯಾವಾಗ ಎಂದು ಕೇಳಿಟ್ಟುಕೊಳ್ಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಅಂಟಿಸಬೇಡಿ. ಮಗು ಯಾರ ಕಣ್ಣಿಗೂ ಬೀಳದೆ ನಿಂತು ಓದಿಕೊಳ್ಳಬಹುದಾದ ಕಡೆ ಬರೆಸಿ.